ತೋಟದವರಿಗೂ ರಜೆ ಬೇಡವೇ?



ಈ ವಾರ್ತಾಪತ್ರದಲ್ಲಿ ನಾವೆಲ್ಲ ಸಾಮಾನ್ಯವಾಗಿ ಹುಡುಕಿ ಓದುವುದು ಧಾರಣೆಯ ಪಟ್ಟಿ, ಔಷಧಿ ಸಿಂಪಡಣೆಯ ಸಲಹೆ, ಮಹಾಸಭೆಯ ವರದಿ. ಇವೆಲ್ಲ ಬೇಕಾದವೇ. ಆದರೆ ತೋಟಕ್ಕೆ ವಯಸ್ಸಾಗುವಂತೆ ತೋಟದವರಿಗೂ ವಯಸ್ಸಾಗುತ್ತದೆ ಎಂಬುದು ಯಾವ ಧಾರಣೆಯ ಪಟ್ಟಿಯಲ್ಲೂ ಬರುವುದಿಲ್ಲ. ಹಳೆಯ ಅಡಿಕೆ ಮರ ಬೀಳುವ ಮೊದಲೇ ಅದರ ಮಗ್ಗುಲಲ್ಲಿ ಸಸಿ ನೆಡುವ ಮುಂದಾಲೋಚನೆ ನಮ್ಮಲ್ಲಿ ಎಲ್ಲರಿಗೂ ಉಂಟು. ಅರವತ್ತರ ಹೊಸ್ತಿಲಲ್ಲಿ ಗಂಡ ಹೆಂಡತಿ ಇಬ್ಬರೇ ಉಳಿದಾಗ ದಿನ ಸಾಗಿಸುವುದು ಹೇಗೆ ಎಂಬ ಮುಂದಾಲೋಚನೆ ಮಾತ್ರ ಬಹಳ ಮಂದಿಗೆ ಇಲ್ಲ. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವೊಂದನ್ನು ಸದಸ್ಯರ ಮುಂದಿಡಬೇಕೆನಿಸಿ ಬರೆಯುತ್ತಿದ್ದೇವೆ.

ನಾವು ಬೆಂಗಳೂರಿನ ಕುಮಾರ ಪಾರ್ಕಿನಲ್ಲಿ ವಾಸವಾಗಿರುವ ದಂಪತಿ. ನಮ್ಮಲ್ಲೊಬ್ಬರು ಸರ್ಕಾರಿ ಕಚೇರಿಯಲ್ಲಿದ್ದಾರೆ, ಇನ್ನೊಬ್ಬರು ಶಾಲೆಯಲ್ಲಿ ಪಾಠ ಹೇಳುತ್ತಾರೆ. ಇಬ್ಬರಿಗೂ ನಿವೃತ್ತಿಗೆ ಎರಡು ವರ್ಷವೂ ಉಳಿದಿಲ್ಲ. ಕೊಪ್ಪ ತಾಲ್ಲೂಕಿನಲ್ಲಿ ಪಾಲಿಗೆ ಬಂದ ಒಂದೂವರೆ ಎಕರೆ ಅಡಿಕೆ ಮತ್ತು ಅದರ ಮೇಲಿನ ಗುಡ್ಡದಲ್ಲಿ ಸ್ವಲ್ಪ ಕಾಫಿ ಇದೆ. ಅದನ್ನು ನೋಡಿಕೊಳ್ಳುವವರು ಊರಿನಲ್ಲೇ ಇರುವ ಅಣ್ಣ ಅತ್ತಿಗೆ. ಆ ತೋಟದ ದೆಸೆಯಿಂದಲೇ ನಾವು ಈ ಸಂಘದ ಸದಸ್ಯರು. ನಮ್ಮಂತೆ ಪಟ್ಟಣದಲ್ಲಿ ಮನೆ, ಮಲೆನಾಡಿನಲ್ಲಿ ಬೇರು ಇಟ್ಟುಕೊಂಡವರು ಸದಸ್ಯರಲ್ಲಿ ಕಡಿಮೆಯೇನಿಲ್ಲ.

ಕುಮಾರ ಪಾರ್ಕಿನ ದಿನಚರಿ

ನಮ್ಮ ಬಡಾವಣೆಯ ಒಂದು ಬದಿಗೆ ರೈಲು ಹಳಿ, ಇನ್ನೊಂದು ಬದಿಗೆ ಗಾಲ್ಫ್ ಮೈದಾನ. ನಡುವೆ ಹಿಂದೆ ದೊಡ್ಡ ಕಾಂಪೌಂಡಿನ ಬಂಗಲೆಗಳಿದ್ದ ಕಡೆಯಲ್ಲಿ ಈಗ ಮಹಡಿಯ ಮೇಲೆ ಮಹಡಿ ಎದ್ದಿದೆ. ಅಂಥ ಒಂದು ಕಟ್ಟಡದ ಮೂರನೆಯ ಅಂತಸ್ತಿನಲ್ಲಿ ನಮ್ಮ ಎರಡು ಕೋಣೆಯ ಮನೆ. ಬೆಳಿಗ್ಗೆ ಗಾಂಧಿ ಭವನದ ಕಡೆಗೆ ಒಂದು ಸುತ್ತು ನಡಿಗೆ, ಬಳಿಕ ತಿಂಡಿ, ಕೆಲಸ, ಸಂಜೆ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ತರಕಾರಿ, ರಾತ್ರಿ ದೂರದಲ್ಲಿರುವ ಮಕ್ಕಳ ಫೋನು. ಔಷಧಿ ಅಂಗಡಿ ಎರಡು ನಿಮಿಷ, ಆಸ್ಪತ್ರೆ ಹತ್ತು ನಿಮಿಷ, ಮೆಜೆಸ್ಟಿಕ್ ಬಸ್ ನಿಲ್ದಾಣ ಆಟೋದಲ್ಲಿ ಕಾಲು ಗಂಟೆ. ಕೊರತೆ ಎಂದು ಹೇಳುವಂಥದ್ದು ಒಂದೂ ಇಲ್ಲ. ಆದರೆ ಕೆಲಸವೆಂಬುದೊಂದು ತಪ್ಪಿಹೋದರೆ ಈ ದಿನಚರಿಯಲ್ಲಿ ಉಳಿಯುವುದು ನಡಿಗೆ, ತರಕಾರಿ, ಫೋನು ಇಷ್ಟೇ.

ನಿವೃತ್ತಿ ಸಮಾರಂಭದಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಇನ್ನು ನಿಮ್ಮ ವಿಶ್ರಾಂತಿಯ ಕಾಲ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಏಳಕ್ಕೆ ಎದ್ದವನಿಗೆ ಹನ್ನೊಂದಾಗುವುದೇ ಕಷ್ಟ. ನಮ್ಮ ಕಟ್ಟಡದಲ್ಲಿಯೇ ಇದನ್ನು ನಾಲ್ಕಾರು ಮನೆಗಳಲ್ಲಿ ನೋಡಿದ್ದೇವೆ. ಆಗ ಇದ್ದಕ್ಕಿದ್ದಂತೆ ಎರಡರಲ್ಲೊಂದು ನಿರ್ಧಾರ ಆಗಿಬಿಡುತ್ತದೆ: ಮನೆ ಮಾರಿ ಊರಿಗೆ ಹೋಗಿಬಿಡೋಣ, ಇಲ್ಲವೇ ತೋಟ ಮಾರಿ ಇಲ್ಲೇ ನೆಮ್ಮದಿಯಾಗಿ ಇದ್ದುಬಿಡೋಣ. ಎರಡೂ ಒಂದು ವಾರದ ಬೇಸರದಲ್ಲಿ ಆಗುವ ನಿರ್ಧಾರಗಳು. ಎರಡನ್ನೂ ಆಮೇಲೆ ಹಿಂದಕ್ಕೆ ತಿರುಗಿಸಲಾಗುವುದಿಲ್ಲ.

ನಮ್ಮ ರಸ್ತೆಯಲ್ಲೇ ಇಬ್ಬರು ಹಿರಿಯರ ನೆನಪಿದೆ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕುಮಾರ ಕೃಪಾ ಬಂಗಲೆ ಇಂದು ಸರ್ಕಾರದ ಅತಿಥಿಗೃಹವಾಗಿ ಪ್ರಸಿದ್ಧ. ಅವರು 1883ರಿಂದ 1901ರವರೆಗೆ, ಹದಿನೆಂಟು ವರ್ಷ, ಮೈಸೂರಿನ ದಿವಾನರಾಗಿದ್ದರು. ಆರೋಗ್ಯ ಕೆಟ್ಟು 1901ರಲ್ಲಿ ನಿವೃತ್ತರಾದರು, ಅದೇ ವರ್ಷ ತೀರಿಕೊಂಡರು. ಅವರ ವಿಶ್ರಾಂತಿಯ ಕಾಲ ಕೆಲವೇ ತಿಂಗಳು.

ಅದೇ ಕುಮಾರ ಕೃಪಾದಲ್ಲಿ 1927ರಲ್ಲಿ ಮಹಾತ್ಮ ಗಾಂಧಿಯವರು ತಂಗಿದ್ದರು. ಆಗ ಅವರಿಗೆ 57 ವರ್ಷ, ಅಂದರೆ ನಮ್ಮ ಆಸುಪಾಸಿನ ವಯಸ್ಸು. ಪ್ರವಾಸದ ಆಯಾಸದಿಂದ ರಕ್ತದೊತ್ತಡ ಏರಿ, ವೈದ್ಯರು ವಿಶ್ರಾಂತಿ ಬೇಕೆಂದರು. ಏಪ್ರಿಲ್‌ನಿಂದ ಜೂನ್ ಮೊದಲ ವಾರದವರೆಗೆ ನಂದಿಬೆಟ್ಟದಲ್ಲಿದ್ದು, ಬಳಿಕ ಬೆಂಗಳೂರಿಗೆ ಇಳಿದು ಆಗಸ್ಟ್ ಕೊನೆಯವರೆಗೆ ಇಲ್ಲಿದ್ದರು. ಸುಮ್ಮನೆ ಕೂರಲಿಲ್ಲ. ಹೊಸೂರು ರಸ್ತೆಯ ಆಗಿನ ಇಂಪೀರಿಯಲ್ ಡೈರಿಗೆ ಹೋಗಿ ಹಸು ಸಾಕಣೆಯ ಪಾಠ ಕಲಿತರು. ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ತಾವು ಸಾಬರಮತಿಯ ಕೃಷಿಕ ಎಂದು ಬರೆದರು. ವಿಶ್ರಾಂತಿ ಎಂದರೆ ಜಾಗ ಬದಲಿಸುವುದು ಮತ್ತು ಹೊಸದೊಂದನ್ನು ಕಲಿಯುವುದು ಎಂದು ನಾವು ಇದರಿಂದ ತಿಳಿದುಕೊಂಡಿದ್ದೇವೆ.

ಎರಡು ರಾತ್ರಿಯ ಲೆಕ್ಕ

ರಜೆಯನ್ನು 300 ದಿನದವರೆಗೆ ಕೂಡಿಟ್ಟು ನಿವೃತ್ತಿಯ ದಿನ ನಗದು ಮಾಡಿಕೊಳ್ಳುವುದು ಸರ್ಕಾರಿ ನೌಕರರಲ್ಲಿ ರೂಢಿ. ಅದು ಜಾಣತನವೇ. ಆದರೆ ಅದರಲ್ಲಿ ವರ್ಷಕ್ಕೆ ಹನ್ನೆರಡು ದಿನ ಖರ್ಚು ಮಾಡಿದರೆ, ಭಾನುವಾರ ಮತ್ತು ಹಬ್ಬದ ರಜೆಗಳೂ ಸೇರಿ, ತಿಂಗಳಿಗೊಮ್ಮೆ ಎರಡು ರಾತ್ರಿ ಹೊರಗಿರಲು ಸಾಕು. ಎರಡು ವರ್ಷದಿಂದ ನಾವು ಹೀಗೆ ಮಾಡುತ್ತಿದ್ದೇವೆ. ಪ್ರತಿ ಸಲವೂ ಹೊಸ ಊರಲ್ಲ, ಅದೇ ತೋಟದ ಮನೆ. ಒಮ್ಮೆ ಮಾತ್ರ ಬೇರೆಡೆಯ ರೆಸಾರ್ಟೊಂದರಲ್ಲಿ ಇಳಿದು ನೋಡಿದೆವು. ಈಜುಕೊಳ, ಬೆಂಕಿ ಹಾಕಿದ ಸುತ್ತ ಮಧ್ಯರಾತ್ರಿಯವರೆಗೆ ಧ್ವನಿವರ್ಧಕ. ಕಾಫಿ ತೋಟದ ನಡುವೆ ಕೂತು ಕುಡಿದದ್ದು ಪೊಟ್ಟಣದ ಪುಡಿ ಕಾಫಿ. ಅಲ್ಲಿಗೆ ಆ ಆಸೆ ಮುಗಿಯಿತು.

ಖರ್ಚಿನ ಮಾತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಂತೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಐಷಾರಾಮಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಗಂಡಸರಿಗೆ 60 ತುಂಬಿದ ಮೇಲೆ ಕಾಲು ಭಾಗ ರಿಯಾಯಿತಿ ಸಿಗುತ್ತದೆ. ಆದ್ದರಿಂದ ಸದ್ಯಕ್ಕೆ ನಮ್ಮ ಮನೆಯಲ್ಲಿ ಟಿಕೆಟ್ ಕೊಳ್ಳುವವರು ಒಬ್ಬರೇ, ಕಿಟಕಿಯ ಪಕ್ಕದ ಜಾಗ ಸಿಗುವುದು ಇನ್ನೊಬ್ಬರಿಗೆ. ರೈಲಿನಲ್ಲಾದರೆ ತುಮಕೂರು, ಅರಸೀಕೆರೆ, ಬೀರೂರು ಹಾದು ಶಿವಮೊಗ್ಗ, ಅಲ್ಲಿಂದ ತೀರ್ಥಹಳ್ಳಿ ಮಾರ್ಗವಾಗಿ ಬಸ್ಸು. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಆದರೂ ಕಾಲು ಚಾಚಿ, ಎದ್ದು ಓಡಾಡುವ ಅನುಕೂಲಕ್ಕೆ ನಮ್ಮ ವಯಸ್ಸಿನವರಿಗೆ ರೈಲೇ ಲೇಸು.

ತಿಂಗಳಿಗೊಮ್ಮೆ ಹೋದದ್ದರಿಂದ ಆದ ಮುಖ್ಯ ಲಾಭವೆಂದರೆ ತೋಟದ ಹನ್ನೆರಡು ತಿಂಗಳನ್ನೂ ಕಂಡದ್ದು. ಪಟ್ಟಣದವರು ನೋಡುವುದು ಎರಡೇ ತೋಟ. ಒಂದು ಡಿಸೆಂಬರಿನದು: ಚಳಿ, ಹಂಡೆಯ ಬಿಸಿನೀರು, ಅಂಗಳದಲ್ಲಿ ಹರಡಿದ ಅಡಿಕೆ, ಕೆಂಪಗೆ ಹಣ್ಣಾದ ಕಾಫಿ. ಇನ್ನೊಂದು ಮಾರ್ಚ್, ಏಪ್ರಿಲ್‌ನದು: ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂತೆ ಪರಿಮಳಿಸುವುದು. ಈ ಎರಡನ್ನು ನೋಡಿ ಊರಿಗೆ ಬಂದು ನೆಲೆಸುವ ಸಂಕಲ್ಪ ಮಾಡುವವರು ದಯವಿಟ್ಟು ಜುಲೈ ತಿಂಗಳಲ್ಲಿ ಒಮ್ಮೆ ಹೋಗಿ ಬನ್ನಿ. ಮೂರು ದಿನ ಕರೆಂಟಿಲ್ಲ, ಒಗೆದ ಬಟ್ಟೆ ಒಣಗುವುದಿಲ್ಲ, ಫೋನು ಸಿಗುವುದಿಲ್ಲ, ಮೆಟ್ಟಿಲೆಲ್ಲ ಹಾವಸೆ, ಕಾಲಿಗೆ ಇಂಬಳ. ಮಳೆ ಒಂದು ಗಳಿಗೆ ಹೊಳವಾದರೆ ಸಾಕು, ಕೊಳೆರೋಗಕ್ಕೆ ಔಷಧಿ ಹೊಡೆಸುವ ಧಾವಂತ. ಮಳೆಗಾಲದ ಆರಂಭಕ್ಕೆ ಒಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಮ್ಮೆ ಶೇಕಡ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಇದು ನಿಮಗೆಲ್ಲ ಬಾಯಿಪಾಠ. ನಮಗೆ ಗೊತ್ತಿಲ್ಲದಿದ್ದದ್ದು ಆ ದಿನ ಮರ ಹತ್ತುವವರು ಸಿಗುತ್ತಾರೋ ಇಲ್ಲವೋ ಎಂದು ಮನೆಯವರು ರಾತ್ರಿಯೆಲ್ಲ ಎಚ್ಚರವಿರುತ್ತಾರೆ ಎಂಬುದು.

ಇನ್ನೊಂದು ವಿಷಯ ನಮ್ಮಲ್ಲಿ ಪಾಠ ಹೇಳುವವರು ಹೇಳಿದ್ದು, ಅವರ ಮಾತಿನಂತೆಯೇ ಇಲ್ಲಿ ಬರೆಯುತ್ತಿದ್ದೇವೆ. ಊರಿಗೆ ಹೋಗಿ ನೆಲೆಸುವ ಕನಸು ಹೆಚ್ಚಾಗಿ ಗಂಡಸರದು. ಆ ಕನಸಿನಲ್ಲಿ ಜಗಲಿ ಇರುತ್ತದೆ, ಕಾಫಿ ಇರುತ್ತದೆ, ಕಾಫಿ ಮಾಡಿದವರು ಯಾರು ಎಂಬುದು ಇರುವುದಿಲ್ಲ. ಶಾಲೆಯಿಂದ ನಿವೃತ್ತಿಯಾದವಳು ಕೊಯ್ಲಿನ ಕಾಲದಲ್ಲಿ ಹತ್ತು ಜನ ಕೆಲಸದವರಿಗೆ ಮೂರು ಹೊತ್ತು ಬೇಯಿಸುವ ಹೊಸ ನೌಕರಿಗೆ ಸೇರುವುದಾದರೆ ಅದನ್ನು ನಿವೃತ್ತಿ ಎನ್ನಲಾಗದು. ಈ ಮಾತನ್ನು ಶಾಲು ಹೊದಿಸಿಕೊಂಡ ಮೇಲೆ ಆಡಿದರೆ ಜಗಳ, ಮೊದಲೇ ಆಡಿದರೆ ಏರ್ಪಾಡು. ಎರಡು ರಾತ್ರಿಯ ಪ್ರವಾಸಗಳು ನಮಗೆ ಈ ಮಾತು ಆಡಲು ಸಮಯ ಕೊಟ್ಟವು.

ಹೋಗಲಾರದವರು

ಇಷ್ಟರಲ್ಲಿ ನಮ್ಮ ಗಮನಕ್ಕೆ ಬಂದ ಸಂಗತಿಯೇ ಈ ಬರಹದ ನಿಜವಾದ ಕಾರಣ. ನಾವು ಇಬ್ಬರು ತಿಂಗಳಿಗೊಮ್ಮೆ ಬ್ಯಾಗು ಹೆಗಲಿಗೇರಿಸಿ ಹೋಗುತ್ತೇವೆ, ಬರುತ್ತೇವೆ. ನಮ್ಮನ್ನು ಬರಮಾಡಿಕೊಳ್ಳುವ ಅಣ್ಣ ಅತ್ತಿಗೆ ಇಬ್ಬರೂ ಕೂಡಿ ಮನೆ ಬಿಟ್ಟು ಒಂದು ರಾತ್ರಿ ಹೊರಗೆ ಕಳೆದು ಒಂಬತ್ತು ವರ್ಷವಾಗಿದೆ. ಮದುವೆಗೆ ಒಬ್ಬರು ಹೋದರೆ ಇನ್ನೊಬ್ಬರು ಮನೆ ಕಾಯಬೇಕು. ಅತ್ತಿಗೆಯ ಕಣ್ಣಿನ ಪೊರೆಯ ಚಿಕಿತ್ಸೆ ಕೊಯ್ಲು ಮುಗಿಯಲಿ, ಮಳೆ ನಿಲ್ಲಲಿ ಎಂದು ಎರಡು ವರ್ಷದಿಂದ ಮುಂದೆ ಹೋಗಿತ್ತು. ಮಗಳ ಮನೆ ಬೆಂಗಳೂರಿನಲ್ಲೇ ಇದ್ದರೂ ಮೊಮ್ಮಗುವನ್ನು ನೋಡುವುದು ಫೋನಿನಲ್ಲಿ.

ನೌಕರನಿಗೆ 60ಕ್ಕೆ ನಿವೃತ್ತಿ ಉಂಟು. ಬೆಳೆಗಾರನಿಗೆ ನಿವೃತ್ತಿ ಎಂದರೆ ತೋಟ ಮಾರುವುದು ಇಲ್ಲವೇ ಹಾಸಿಗೆ ಹಿಡಿಯುವುದು, ಈ ಎರಡೇ. ನಡುವೆ ರಜೆ ಎಂಬ ಪದವೇ ಇಲ್ಲ. ಕಾರಣ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಮನೆಯಲ್ಲಿ ಯಾರಿರುತ್ತಾರೆ? ಹಾಲು ಕರೆಯಲು, ಔಷಧಿ ಹೊಡೆಯಲು, ಕಳೆ ತೆಗೆಯಲು ಹೇಗೋ ಜನ ಸಿಗುತ್ತಾರೆ. ಆದರೆ ಸಂಜೆ ದೀಪ ಹಚ್ಚಿ, ಬಾಗಿಲು ಹಾಕಿ, ನಾಯಿಗೆ ಅನ್ನ ಹಾಕಿ, ಬಂದವರಿಗೆ ಉತ್ತರ ಹೇಳಿ ಮನೆಯಲ್ಲಿ ಇರುವವರು ಬೇಕು. ಮಕ್ಕಳು ಊರು ಬಿಟ್ಟ ಮನೆಗಳಲ್ಲಿ ಕೊರತೆ ಬಿದ್ದಿರುವುದು ಇಂಥ ಇರುವವರಿಗೆ.

ಇತ್ತ ಪಟ್ಟಣದಲ್ಲಿ, ಇರುವುದೊಂದು ಬಿಟ್ಟು ಬೇರೆ ಕೆಲಸ ಉಳಿಯದವರು ಸಾವಿರಾರು ಮಂದಿ. ಇವರನ್ನೂ ಅವರನ್ನೂ ಸೇರಿಸುವುದೇ ನಮ್ಮ ಸಲಹೆ.

ಮನೆ ಬದಲಿ

ಕಳೆದ ಆಗಸ್ಟಿನಲ್ಲಿ, ಎರಡನೆಯ ಸಿಂಪಡಣೆ ಮುಗಿದ ಮೇಲೆ, ನಾವು ಊರಿಗೆ ಹೋದ ಮರುದಿನ ಅಣ್ಣ ಅತ್ತಿಗೆ ನಮ್ಮ ಕುಮಾರ ಪಾರ್ಕಿನ ಮನೆಯ ಬೀಗದ ಕೈ ಹಿಡಿದು ಬೆಂಗಳೂರಿಗೆ ಹೊರಟರು. ಅವರಲ್ಲಿ ಆರು ದಿನ, ನಾವಿಲ್ಲಿ ಆರು ದಿನ. ಅವರ ಕಣ್ಣಿನ ತಪಾಸಣೆ ಆಯಿತು, ಚಿಕಿತ್ಸೆಗೆ ದಿನ ಗೊತ್ತಾಯಿತು. ಲಾಲ್‌ಬಾಗಿನ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನೋಡಿದರು. ಮೊಮ್ಮಗು ಎರಡು ರಾತ್ರಿ ಅವರೊಡನೆ ಮಲಗಿತು. ನಾವು ಊರಿನಲ್ಲಿ ದೀಪ ಹಚ್ಚಿದೆವು, ಬಂದವರಿಗೆ ಉತ್ತರ ಹೇಳಿದೆವು, ಉದುರಿದ ಅಡಿಕೆ ಹೆಕ್ಕಿಸಿದೆವು. ಅಡುಗೆ ಇಬ್ಬರಿಗೆ ಮಾತ್ರ ಇದ್ದುದರಿಂದ ಗಂಡಸಿನ ಕೈಯಡುಗೆಯೂ ನಡೆಯಿತು. ಫೆಬ್ರವರಿ ಕೊನೆಯಲ್ಲಿ ಎರಡನೆಯ ಸಲ ಹೀಗೆ ಮಾಡಿದೆವು. ಅತ್ತಿಗೆಯ ಚಿಕಿತ್ಸೆ ಅದೇ ಸಲ ಮುಗಿಯಿತು. ಯಾರೂ ಯಾರಿಗೂ ಬಾಡಿಗೆ ಕೊಡಬೇಕಾಗಲಿಲ್ಲ.

ಇದನ್ನು ಬಂಧುಗಳ ನಡುವೆ ಮಾತ್ರವಲ್ಲ, ಪರಿಚಯವಿರುವ ಸದಸ್ಯರ ನಡುವೆಯೂ ಮಾಡಬಹುದು ಎಂಬುದು ನಮ್ಮ ಅಭಿಪ್ರಾಯ. ಅನುಭವದಿಂದ ಕೆಲವು ಸೂಚನೆಗಳು:

1. ಕಾಲ ನೋಡಿ ಆರಿಸಬೇಕು. ಎರಡನೆಯ ಸಿಂಪಡಣೆಯ ನಂತರದಿಂದ ಅಡಿಕೆ ಕೊಯ್ಲು ಶುರುವಾಗುವವರೆಗೆ, ಮತ್ತು ಕೊಯ್ಲು ಮುಗಿದ ಫೆಬ್ರವರಿ ಕೊನೆಯ ಸುಮಾರಿಗೆ ಅನುಕೂಲ. ರೊಬಸ್ಟಾ ಬೆಳೆಗಾರರಿಗೆ ಆಗ ಕೊಯ್ಲು, ಹೂವಿನ ನೀರು ಎರಡೂ ಇರುವುದರಿಂದ ಅವರ ಲೆಕ್ಕ ಬೇರೆ. ಕೊಯ್ಲಿನ ನಡುವೆ ಹೇಳದೆ ಕೇಳದೆ ಹೋಗಿ ಇಳಿಯುವುದು ಯಾರಿಗೂ ಶೋಭೆಯಲ್ಲ.

2. ಮೊದಲ ಎರಡು ಸಲ ಇಬ್ಬರು ದಂಪತಿಗಳೂ ಒಂದೇ ಮನೆಯಲ್ಲಿ ಎರಡು ರಾತ್ರಿ ಕೂಡಿ ಇದ್ದು ಪದ್ಧತಿ ತಿಳಿದುಕೊಳ್ಳಬೇಕು. ಪಂಪಿನ ಸ್ವಿಚ್ಚು, ಹಸುವಿನ ಸ್ವಭಾವ, ದೇವರ ಮನೆಯ ಕ್ರಮ, ಅಡುಗೆಮನೆಯ ಕಟ್ಟಳೆ ಇವನ್ನೆಲ್ಲ ಚೀಟಿಯಲ್ಲಿ ಬರೆದಿಡುವುದು ಒಳ್ಳೆಯದು. ಪಟ್ಟಣದ ಮನೆಯಲ್ಲೂ ಲಿಫ್ಟು, ಗ್ಯಾಸು, ಕಾವಲುಗಾರನ ಫೋನು ಬರೆದಿಡಬೇಕು.

3. ತೋಟದ ಮನೆಯಲ್ಲಿ ಬಚ್ಚಲಿಗೆ ಒಂದು ಹಿಡಿಕೆ, ಜಾರದ ನೆಲ, ಕುರ್ಚಿಯಂತೆ ಕೂರುವ ಶೌಚದ ಪೀಠ, ರಾತ್ರಿ ಉರಿಯುವ ಒಂದು ದೀಪ ಇರಲಿ. ಇದು ಅತಿಥಿಗಳಿಗೆಂದು ಹೇಳಿದರೂ ನಾಳೆ ಉಪಯೋಗ ಮನೆಯವರಿಗೇ.

4. ಹೋಗುವವರು ತಮ್ಮ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಒಯ್ಯಬೇಕು. ಹತ್ತಿರದ ವೈದ್ಯರ ಮನೆ, ರಾತ್ರಿ ಸಿಗುವ ವಾಹನ ಮೊದಲೇ ಗೊತ್ತಿರಲಿ. 108 ಆಂಬುಲೆನ್ಸ್ ಇದೆ ನಿಜ, ಆದರೆ ಫೋನು ಸಿಗುವ ಜಾಗ ಅಂಗಳದ ಯಾವ ಮೂಲೆ ಎಂದು ತಿಳಿದಿರಬೇಕಲ್ಲ!

5. ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ವರೆಗೆ. ಆ ಕಾಲದಲ್ಲಿ ತರಗೆಲೆ ತರಲು ಕಾಡಿಗೆ ಹೋಗಬೇಡಿ. ಡೆಪಾ ತೈಲ ಹಚ್ಚಿಕೊಳ್ಳಿ, ಮಂಗ ಸತ್ತಿರುವುದು ಕಂಡರೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಜ್ವರ ಬಂದರೆ ಎಲ್ಲಿಂದ ಬಂದಿರಿ ಎಂದು ವೈದ್ಯರಿಗೆ ಹೇಳಿ.

ಆಕ್ಷೇಪಣೆಗಳು

ಮಾಲು ಮನೆಯಲ್ಲಿರುವಾಗ ಹೊರಗಿನವರನ್ನು ಇರಿಸಿ ಹೋಗುವುದು ಹೇಗೆ ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಸುಲಿದು ಒಣಗಿಸಿದ ರಾಶಿ, ಬೆಟ್ಟೆ, ಸರಕು ಮನೆಯ ಅಟ್ಟದಲ್ಲಿರುವಾಗ ಬಂಧುವಿಗಾದರೂ ಆ ಜವಾಬ್ದಾರಿ ಹೊರಿಸುವುದು ಸರಿಯಲ್ಲ. ಆದರೆ ಸಂಘದ ಗೋದಾಮು ಇರುವುದು ಯಾತಕ್ಕೆ? ಮಾಲನ್ನು ಅಲ್ಲಿ ಇರಿಸಿ ಹೊರಟರೆ ಮನೆ ಬಿಟ್ಟವರಿಗೂ ಮನೆಯಲ್ಲಿದ್ದವರಿಗೂ ನಿದ್ದೆ ಬರುತ್ತದೆ.

ಇದರ ಬದಲು ಹೋಂಸ್ಟೇ ಮಾಡಿದರೆ ನಾಲ್ಕು ಕಾಸು ಬರುವುದಿಲ್ಲವೇ ಎಂದು ಇನ್ನು ಕೆಲವರು. ಮಾಡುವವರು ಮಾಡಲಿ, ಕೊಡಗು, ಚಿಕ್ಕಮಗಳೂರಿನಲ್ಲಿ ಎಷ್ಟೋ ಮನೆಗಳಿಗೆ ಅದು ಧಾರಣೆ ಬಿದ್ದ ವರ್ಷಗಳಲ್ಲಿ ಆಸರೆಯಾಗಿದೆ. ಆದರೆ ಹೋಂಸ್ಟೇ ನಡೆಸುವವರು ಮನೆ ಬಿಟ್ಟು ಹೋಗುವುದು ಇನ್ನೂ ಕಷ್ಟ. ವಾರದ ಕೊನೆಯಲ್ಲಿ ಬೇರೆಯವರಿಗೆ ರಜೆ, ಅವರಿಗೆ ದುಪ್ಪಟ್ಟು ದುಡಿಮೆ. ನಾವು ಹೇಳುತ್ತಿರುವುದು ಮನೆಯವರ ಬಿಡುವಿನ ಮಾತು.

ಮಳೆಗಾಲ, ಇಂಬಳ ಎಂದೆಲ್ಲ ಹೆದರಿಸಿ ಪಟ್ಟಣದವರನ್ನು ಊರಿಗೆ ಬರದಂತೆ ಮಾಡುತ್ತೀರಲ್ಲ ಎಂದು ನಮ್ಮ ನೆಂಟರೊಬ್ಬರು ತಮಾಷೆ ಮಾಡಿದರು. ಹಾಗಲ್ಲ. ಜುಲೈ ನೋಡಿಯೂ ಬರುವೆನೆನ್ನುವವರು ಬಂದರೆ ಉಳಿಯುತ್ತಾರೆ. ಡಿಸೆಂಬರ್ ನೋಡಿ ಬಂದವರು ಮುಂದಿನ ಜುಲೈಗೆ ತೋಟ ಮಾರಾಟಕ್ಕಿಡುತ್ತಾರೆ. ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಗಳಿಂದ ನೊಂದ ನಮ್ಮ ಭಾಗದಲ್ಲಿ ಒಂದು ತೋಟ ಕೈತಪ್ಪಿದರೆ ಒಂದು ಮನೆಗೆ ಬೀಗ ಬೀಳುತ್ತದೆ, ಪಕ್ಕದ ಮನೆಯವರು ಇನ್ನಷ್ಟು ಒಂಟಿಯಾಗುತ್ತಾರೆ. ಆದ್ದರಿಂದ ಪೂರ್ತಿ ಬರುವುದು ಅಥವಾ ಪೂರ್ತಿ ಬಿಡುವುದು ಎಂಬ ಎರಡರ ನಡುವೆ, ವರ್ಷದಲ್ಲಿ ನಾಲ್ಕು ತಿಂಗಳು ಅಲ್ಲಿ, ಎಂಟು ತಿಂಗಳು ಇಲ್ಲಿ ಎಂಬ ಮೂರನೆಯ ದಾರಿಯೂ ಇದೆ. ನಿವೃತ್ತಿಯ ನಂತರಕ್ಕೆ ನಾವಿಬ್ಬರು ಒಪ್ಪಿಕೊಂಡಿರುವುದು ಇದನ್ನೇ. ಕುಮಾರ ಪಾರ್ಕಿನ ಮನೆಯನ್ನೂ ಮಾರುವುದಿಲ್ಲ, ತೋಟದ ಪಾಲನ್ನೂ ಮಾರುವುದಿಲ್ಲ.

ಸಂಘಕ್ಕೆ ವಿನಂತಿ

ಸಂಘದ ಕಚೇರಿಯಲ್ಲಿ ಒಂದು ವಹಿ ಇಡಬೇಕೆಂದು ಆಡಳಿತ ಮಂಡಳಿಯನ್ನು ವಿನಯಪೂರ್ವಕವಾಗಿ ಕೋರುತ್ತೇವೆ. ಪಟ್ಟಣದಲ್ಲಿ ಮನೆಯಿರುವ ಸದಸ್ಯರು ಒಂದು ಪುಟದಲ್ಲಿ, ಊರಿನಲ್ಲಿ ಮನೆ ಬಿಟ್ಟು ಹೋಗಲಾಗದ ಸದಸ್ಯರು ಎದುರು ಪುಟದಲ್ಲಿ ತಮ್ಮ ಹೆಸರು ಮತ್ತು ಅನುಕೂಲದ ತಿಂಗಳು ಬರೆಸಲಿ. ಪರಸ್ಪರ ಮಾತನಾಡಿಸಿ ಒಪ್ಪಿಸುವ ಕೆಲಸ ಸಂಘದ್ದಲ್ಲ, ಸದಸ್ಯರದೇ. ಸಂಘ ಮಾಡಬೇಕಾದದ್ದು ಹೆಸರು ಬರೆದುಕೊಳ್ಳುವುದು ಮತ್ತು ಗೋದಾಮಿನ ಬಾಗಿಲು ತೆರೆಯುವುದು. ಖರ್ಚು ಒಂದು ವಹಿಯ ಬೆಲೆ. ಮಾಲು ಮಾರಲು ಒಟ್ಟುಗೂಡಿದ ನಾವು ದಣಿವಾರಿಸಿಕೊಳ್ಳಲೂ ಒಟ್ಟುಗೂಡಿದರೆ ಸಹಕಾರವೆಂಬ ಮಾತಿಗೆ ಪೂರ್ಣ ಅರ್ಥ ಬಂದೀತು.

ಈ ವಿಷಯದಲ್ಲಿ ಬೇರೆ ಅಭಿಪ್ರಾಯವಿದ್ದವರು, ವಿಶೇಷವಾಗಿ ನಮ್ಮ ತಾಯಂದಿರು, ಮುಂದಿನ ಸಂಚಿಕೆಗೆ ಬರೆಯಲಿ. ವಹಿ ತೆರೆದರೆ ಮೊದಲ ಪುಟದಲ್ಲಿ ನಮ್ಮ ಮನೆಯನ್ನು ಬರೆದುಕೊಳ್ಳಬಹುದು: ಎರಡು ಕೋಣೆ, ಲಿಫ್ಟ್ ಇದೆ, ಆಸ್ಪತ್ರೆ ಹತ್ತಿರ. ಆಗಸ್ಟ್ ಮತ್ತು ಫೆಬ್ರವರಿ ಮಾತ್ರ ಅಣ್ಣ ಅತ್ತಿಗೆಗೆ ಮೀಸಲು.

— ಕುಮಾರ ಪಾರ್ಕಿನ ಸದಸ್ಯ ದಂಪತಿ